ಏಳನೂರು ಗ್ರಾಂ ಅಂದ್ರ ಎಷ್ಟು ಟನ್ನು?

ದೋಸ್ತರ, ಇವತ್ತ ಜಮಖಂಡಿ ದವಾಖಾನ್ಯಾಗ ನಮ್ಮಪ್ಪಗೂ ತಂಗಿಗೂ ಛಲೋತ್ನಂಗ ಜಗಳ ಹತ್ತಿತ್ತು. ತಂಗಿ ಕೂಸಿಗೆ ಸೂಜಿ ಮಾಡಸಾಕ ಹೋಗಿದ್ವಿ. ನರ್ಸಬಾಯಿ ಕೂಸಿನ್ನ ತೂಗಿ, "ಹೋದ ಸಲಕ್ಕಿಂತ ಏಳನೂರು ಗ್ರಾಂ ಏರ್ಯಾನ್ರೀ" ಅಂದ್ರು. ತಂಗಿ ಮಾರಿ ಅರಳಿತು.

ನಮ್ಮಪ್ಪ ಪ್ರತಿ ವರ್ಷ ಬಾಡಗಂಡಿ ಸಕ್ಕರಿ ಫ್ಯಾಕ್ಟರಿಗೆ ಕಬ್ಬು ಕಳಸಾಂವ. ಅವಗ ತೂಕ ಅಂದ್ರ ಟನ್ನು, ಅದರ ಕೆಳಗಿಂದೆಲ್ಲಾ ಚಿಲ್ಲರಿ. ಬಾಯಾಗ ಲೆಕ್ಕಾ ಹಾಕಿ ಅಂದ: "ಟನ್ನಿನಾಗ ಬರದ್ರ ಚುಕ್ಕಿ ಆದಮ್ಯಾಲ ಮೂರು ಸೊನ್ನಿ, ಆಮ್ಯಾಲ ಏಳು. ಇಷ್ಟ ಕಬ್ಬನ್ನ ಹುಡುಗೂರು ದಾರ್ಯಾಗ ಟ್ರ್ಯಾಕ್ಟರಿನಿಂದ ಜಗ್ಗಕೊಂಡ ತಿಂದ ಬಿಡತಾವ. ಲೆಕ್ಕಕ್ಕ ಹಿಡಿಯಂಗಿಲ್ಲ."

ತಂಗಿಗೆ ಸಿಟ್ಟ ನೆತ್ತಿಗೇರಿತು. "ಯಪ್ಪಾ, ನಿದ್ದಿಗೆಟ್ಟು ಹಾಲ ಕುಡಿಸಿದಾಕಿ ನಾನು. ಲೆಕ್ಕಕ್ಕ ಇಲ್ಲಂದ್ರ ನೀನ ಹಿಡ್ಕೋ" ಅಂತ ಕೂಸಿನ್ನ ಅವನ ಕೈಯಾಗ ಕೊಟ್ಟು, ಹೋಗಿ ಬಾಕಿನ ಮ್ಯಾಲ ಕುಂತ್ಲು.

ಸೂಜಿಗೆ ಉದ್ದಕ ಪಾಳಿ. ಅಪ್ಪ ಕೂಸಿನ್ನ ಎಡಗೈಯಿಂದ ಬಲಗೈಗೆ, ಬಲಗೈಯಿಂದ ಹೆಗಲಿಗೆ ಬದಲಿಸಿಕೋತ ಬೆವತು ಹೋದ. ಕಡೀಕ, "ಭಾಳ ವಜ್ಜಿ ಅದಾನವಾ ಇಂವ" ಅಂದ.

"ಎಷ್ಟ ಟನ್ನ ಯಪ್ಪಾ?" ಅಂದ್ಲು ತಂಗಿ, ಕುಂತಲ್ಲಿಂದನ.

ನರ್ಸಬಾಯಿ ನಕ್ರು. ಪಾಳ್ಯಾಗಿದ್ದವರೂ ನಕ್ರು. ಅಪ್ಪಗೂ ನಗಿ ತಡೀಲಿಲ್ಲ.

ಈಗ ಮನಿ ಕಟ್ಟಿಗೆ ಕುಂತು ಸಾವಳಗಿ ದೋಸ್ತಗ ಫೋನ್ ಹಚ್ಚಿ ಒದರಾಕತ್ತಾನ: "ನನ್ನ ಮೊಮ್ಮಗ ಏಳನೂರು ಏರ್ಯಾನಲೇ, ಏಳನೂರು!"

ಗ್ರಾಂ ಅನ್ನೂದು ಇನ್ನೂ ಒಮ್ಮೆನೂ ಬಾಯಾಗ ಬಂದಿಲ್ಲ.