ಅವ್ವನ ನೀರಿನ ಗಡಿಗೆ

ನಾನು ಚಿಕ್ಕವಳಿದ್ದಾಗ ಅವ್ವನ ತಲೆಗೆ ಎಣ್ಣೆ ಹಚ್ಚುವ ಕೆಲಸ ನನ್ನದು. ಅವಳ ನಡುನೆತ್ತಿಯಲ್ಲಿ ರೂಪಾಯಿಯಗಲ ಜಾಗದಲ್ಲಿ ಕೂದಲೇ ಇರಲಿಲ್ಲ. ಸಿಂಬಿ ಇಟ್ಟು, ಅದರ ಮೇಲೆ ಕೊಡ ಇಟ್ಟು, ವರ್ಷಗಟ್ಟಲೆ ಹೊಳೆಯಿಂದ ನೀರು ಹೊತ್ತು ಸವೆದ ಜಾಗ ಅದು.

ನಮ್ಮೂರು ತುಂಗಭದ್ರೆಯ ದಂಡೆಯ ಕೊರ್ಲಹಳ್ಳಿ. ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ಕನ್ನಡ ನಾಡು ಇನ್ನೂ ಒಂದಾಗಿರಲಿಲ್ಲ. ನಾವು ಮುಂಬಯಿ ಪ್ರಾಂತ್ಯದವರು, ಹೊಳೆಯಾಚೆ ಕಾಣುವ ಊರುಗಳು ಮದ್ರಾಸಿನವು. ಗಂಡಸರು ಗುಡಿಕಟ್ಟೆಯಲ್ಲಿ ಕೂತು ಅದನ್ನೇ ಮಾತಾಡುತ್ತಿದ್ದರು. ಅವ್ವನಿಗೆ ಅಷ್ಟು ಪುರುಸೊತ್ತೆಲ್ಲಿ? ದಿಬ್ಬದ ಹೊಲದಲ್ಲಿ ಅವಳು ಕೆಲವು ನಿಂಬೆಸಸಿ ನೆಟ್ಟಿದ್ದಳು. ದಿನಾ ನೀರು ಹೊತ್ತು ಹಾಕಿದರೂ ಬಿರುಕು ಬಿಟ್ಟ ಎರೆಮಣ್ಣು ಅದನ್ನು ಗಟಗಟನೆ ಕುಡಿದು ಮತ್ತೆ ಬಾಯಿ ತೆರೆಯುತ್ತಿತ್ತು.

ಒಂದು ಬೇಸಿಗೆ ಅವ್ವ ಜ್ವರದಲ್ಲಿ ತೀರಿಕೊಂಡಳು. ಸೂತಕ ಕಳೆಯುವ ದಿನದ ಮುಂಜಾನೆ ನನಗೆ ಇವತ್ತಿಗೂ ನೆನಪಿದೆ. ಮನೆಯೆಲ್ಲ ಸೆಗಣಿ ಸಾರಿಸಿದ ವಾಸನೆ. ಅಪ್ಪನ ಅಕ್ಕ, ಅಂದರೆ ನಮ್ಮ ಅತ್ತೆ, ಅಡಿಗೆಮನೆಯ ಮಣ್ಣಿನ ಗಡಿಗೆಗಳನ್ನೆಲ್ಲ ಅಂಗಳಕ್ಕೆ ತಂದಿಡುತ್ತಿದ್ದಳು. ಸಾವಾದ ಮನೆಯಲ್ಲಿ ಹಳೆಯ ಗಡಿಗೆ ಉಳಿಯಬಾರದು, ಒಡೆದು ಹಾಕಬೇಕು ಎಂಬುದು ನಮ್ಮಲ್ಲಿಯ ಪದ್ಧತಿ. ಅವ್ವ ಮುಟ್ಟಿದ ವಸ್ತುವೆಲ್ಲ ಹೊರಗೆ ಹೋಗುತ್ತಿತ್ತು.

ನನಗಿಂತ ದೊಡ್ಡವಳು ನನ್ನ ಅಕ್ಕ, ಅವಳ ಚಿಂತೆ ಬೇರೆ ಇತ್ತು. ಹೊಲದಲ್ಲಿ ನಿಂಬೆಸಸಿಗಳ ಎಲೆ ಮುರುಟಿದ್ದನ್ನು ಅವಳು ನೋಡಿ ಬಂದಿದ್ದಳು.

"ಅಪ್ಪಾ, ನಾ ಸಾಲಿ ಬಿಡ್ತೀನಿ. ಅವ್ವನ ಗಿಡಕ್ಕ ನೀರು ನಾನ ಹೊರ್ತೀನಿ," ಅಂದಳು.

"ಬ್ಯಾಡವ್ವಾ. ಗಿಡ ಹೋದ್ರ ಹೋಗ್ಲಿ. ನಿಮ್ಮವ್ವನ ತಲಿ ನೋಡೀದಿ ಇಲ್ಲೋ?" ಅಂದ ಅಪ್ಪ.

ಅಕ್ಕ ಬಿಕ್ಕಿ ಬಿಕ್ಕಿ ಅತ್ತಳು. ಸಸಿಗಳೂ ಹೋದರೆ ಅವ್ವನದೆಂದು ಉಳಿಯುವುದೇನು?

ಅಷ್ಟರಲ್ಲಿ ಅತ್ತೆ ಮೂಲೆಯ ಕುಡಿಯುವ ನೀರಿನ ದೊಡ್ಡ ಗಡಿಗೆಯನ್ನು ಎತ್ತಿದಳು. ಅದರಡಿಯ ಉಸುಕಿನಲ್ಲಿ, ಗಡಿಗೆ ಕೂತ ಜಾಗದ ಸುತ್ತ, ಎಳೆಯ ಹಸಿರು ಎದ್ದಿತ್ತು.

"ಅಪ್ಪಾ, ಇಲ್ಲಿ ಕೊತ್ತಂಬರಿ ನಾಟೈತಿ!" ಎಂದು ನಾನು ಕೂಗಿದೆ.

ಅವ್ವ ಜ್ವರ ಬರುವ ಮುಂಚೆ ಬೀಜ ಚೆಲ್ಲಿದ್ದಿರಬೇಕು. ಅಷ್ಟು ದಿನ ಗಡಿಗೆಯ ನೀರು ಕುಡಿದವರಾರೂ ಅದರ ಬುಡದತ್ತ ನೋಡಿರಲಿಲ್ಲ, ಬೀಜಕ್ಕೆ ನೀರೂ ಹಾಕಿರಲಿಲ್ಲ. ಗಡಿಗೆ ತಾನೇ ಬೆವತು ಅವಕ್ಕೆ ಉಣಿಸಿತ್ತು. ಅಪ್ಪ ಗಡಿಗೆಯ ತಳ ಸವರಿದ. ಒದ್ದೆ ಅಂಗೈಯನ್ನು ನೋಡುತ್ತಾ ಅಲ್ಲೇ ಕುಕ್ಕರಗಾಲಲ್ಲಿ ಕೂತ. ಅವ್ವ ಸತ್ತಾಗ ಅಳದ ಅಪ್ಪ ಆಗ ಅತ್ತ.

"ಈ ಗಡಿಗಿ ಒಂದೂ ಒಡ್ಯಾಂಗಿಲ್ಲ. ಗಿಡದ ಬುಡಕ್ಕ ಹೂಳತೀನಿ," ಅಂದ.

"ಸೂತಕದ ಗಡಿಗಿ ಇಡಬಾರದೋ ತಮ್ಮಾ!" ಎಂದಳು ಅತ್ತೆ.

"ಮನ್ಯಾಗ ಇಡಬಾರದು. ಮಣ್ಣಾಗ ಇಟ್ರ ಯಾರಿಗೇನು?"

ಅತ್ತೆ ಗೊಣಗಿದಳು. ಆದರೂ ಒಂದು ಗಡಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ನಮ್ಮ ಹಿಂದೆ ಹೊಲಕ್ಕೆ ಬಂದಳು. ಒಂದೊಂದು ಸಸಿಯ ಮಗ್ಗುಲಲ್ಲೂ ಕುಣಿ ತೋಡಿ, ಒಂದೊಂದು ಗಡಿಗೆಯನ್ನು ಬಾಯಿಯಷ್ಟೇ ಮೇಲೆ ಬಿಟ್ಟು ಹೂಳಿದೆವು. ನೀರು ತುಂಬಿ ಹೆಂಚಿನ ಚೂರು ಮುಚ್ಚಿದೆವು. ದಿನಾ ಹೊರುವುದು ತಪ್ಪಿತು. ಒಮ್ಮೆ ತುಂಬಿದರೆ ಗಡಿಗೆ ದಿನಗಟ್ಟಲೆ ಬೇರಿಗೆ ಸ್ವಲ್ಪ ಸ್ವಲ್ಪವೇ ಒಸರುತ್ತಿತ್ತು. ಸಸಿಗಳು ಚಿಗುರಿದವು. ಅಕ್ಕ ಸಾಲಿ ಬಿಡಲಿಲ್ಲ.

"ಹೆಂಡ್ತಿ ಸತ್ತ ಮ್ಯಾಲ ತಲಿ ಕೆಟ್ಟೈತಿ, ಗಡಿಗಿ ಬಿತ್ತ್ಯಾನ," ಎಂದು ಊರವರು ನಕ್ಕರು. ಮರುಬೇಸಿಗೆಗೆ ನಕ್ಕವರೇ ಬಂದು ಕುಣಿಯ ಆಳ ಕೇಳಿದರು. ನೀರು ಉಳಿಸಬೇಕೆಂಬ ಉಪದೇಶ ಕೇಳಿ ಯಾರೂ ಗಡಿಗೆ ಹೂಳಲಿಲ್ಲ, ಮಕ್ಕಳೇ. ಅವರವರ ಮನೆಯಲ್ಲೂ ನೀರು ಹೊರುವವಳೊಬ್ಬಳು ಇದ್ದಳು.

ಈಗ ನಿಮ್ಮ ಹೊಲದಲ್ಲಿ ಕರಿ ಪೈಪು ಗಿಡಗಿಡಕ್ಕೂ ಹನಿ ಹಾಕುತ್ತದೆ. ನೀವು ತೋಟಕ್ಕೆ ಓಡಿ ಹೋಗಿ ನೀರಿನ ನಲ್ಲಿ ತಿರುಗಿಸಿ ಮತ್ತೆ ಆಟಕ್ಕೆ ಓಡುತ್ತೀರಿ. ಓಡಿರಿ, ನನಗೇನೂ ಬೇಸರವಿಲ್ಲ. ಸಂಜೆ ಮೊಮ್ಮಗಳಿಗೆ ಎಣ್ಣೆ ಹಚ್ಚಲು ಕೂತಾಗ ಮಾತ್ರ ನನ್ನ ಬೆರಳು ತಾನಾಗಿ ಅವಳ ನಡುನೆತ್ತಿಗೆ ಹೋಗುತ್ತದೆ. ಅಲ್ಲಿ ಕೂದಲು ದಟ್ಟವಾಗಿದೆ.