ಗುರುಪುತ್ರಪ್ಪನವರಿಗೊಬ್ಬ ವೈರಿ ಬೇಕಾಗಿದ್ದ

ಯಾರನ್ನು ಕಂಡರೆ ಬೆಕ್ಕು ಕೂಡ ಹೆದರುವುದಿಲ್ಲ ಎಂದು ಹಿಂದವಾಡಿಯ ನಮ್ಮ ಗಲ್ಲಿಯಲ್ಲಿ ಕೇಳಿದರೆ ಎಲ್ಲರೂ ಗುರುಪುತ್ರಪ್ಪನವರ ಮನೆ ತೋರಿಸುತ್ತಾರೆ. ನಾನು ಅವರ ಬಾಜೂ ಮನೆಯವನು, ಮಾಸ್ತರಿಕೆ ಮಾಡಿ ನಿವೃತ್ತನಾದವನು. ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ. ನಮ್ಮಿಬ್ಬರ ನಡುವಿನ ಕಂಪೌಂಡಿನ ಮೇಲೆ ಮಲಗುವ ಬೆಕ್ಕು ನಾನು ಕೆಮ್ಮಿದರೆ ಓಡುತ್ತದೆ. ಗುರುಪುತ್ರಪ್ಪನವರು ಕೋಲು ಹಿಡಿದು ಬಂದರೆ ಮಗ್ಗುಲು ಬದಲಿಸುತ್ತದೆ.

ಅವರು ಸಾರಿಗೆ ಸಂಸ್ಥೆಯಲ್ಲಿ ಕಂಟ್ರೋಲರ್ ಆಗಿದ್ದರು. ಖಾನಾಪುರ ಬಸ್‌ಸ್ಟ್ಯಾಂಡಿನಲ್ಲಿ ಕೂತು ಯಾವ ಬಸ್ಸು ಎಲ್ಲಿಗೆ ಹೋಗುತ್ತದೆ ಎಂದು ಮೈಕಿನಲ್ಲಿ ಹೇಳುವ ಕೆಲಸ. ಮೈಕಿದ್ದರೂ ಅವರ ದನಿ ಯಾರಿಗೂ ಕೇಳುತ್ತಿರಲಿಲ್ಲ. ನಂದಗಡದ ಬಸ್ಸು ಎಂದು ಮೂರು ಸಲ ಹೇಳಿ ಮುಗಿಸಿದ ಮೇಲೆ ಜನ ಕಿಟಕಿಗೆ ಬಂದು, "ನಂದಗಡದ್ದು ಯಾವಾಗ್ರಿ?" ಎಂದು ಕೇಳುತ್ತಿದ್ದರು. ಇವರು ಸೀಟಿ ಊದಿದರೆ ಡ್ರೈವರುಗಳು "ಹೂಂ ಸಾಹೇಬ್ರ" ಎಂದು ಇನ್ನೊಂದು ಚಹಾ ಹೇಳುತ್ತಿದ್ದರು. ಮೂವತ್ತೊಂದು ವರ್ಷ ಹೀಗೇ ನಡೆಯಿತು. ನಿವೃತ್ತಿಯ ದಿನ ಭಾಷಣ ಮಾಡಿದವರೆಲ್ಲ "ಒಬ್ಬರ ಮನಸ್ಸೂ ನೋಯಿಸದ ಮನುಷ್ಯ" ಎಂದರು. ಅದನ್ನು ಕೇಳಿ ಹೆಂಡತಿ ಗೌರವ್ವನವರ ಕಣ್ಣಲ್ಲಿ ನೀರು ಬಂತು. ಗುರುಪುತ್ರಪ್ಪನವರಿಗೆ ಮಾತ್ರ ಒಳಗೆ ಮುಳ್ಳು ಮುರಿದಂತಾಯಿತಂತೆ. ಅರವತ್ತು ವರ್ಷದಲ್ಲಿ ಒಬ್ಬನೇ ಒಬ್ಬನೂ ತನಗೆ ಹೆದರಲಿಲ್ಲವಲ್ಲ ಎಂದು.

ಕಳೆದ ಮಳೆಗಾಲದಲ್ಲಿ ಈ ಮುಳ್ಳಿಗೆ ಮದ್ದು ಸಿಕ್ಕಿತು. ಬೆಳಗಾವಿ ಪೇಟೆಗೆ ಛತ್ರಿ ರಿಪೇರಿಗೆ ಹೋಗಿದ್ದರು. ಛತ್ರಿ ಅಂಗಡಿಯ ಪಕ್ಕದಲ್ಲೇ ಬಂದೂಕಿನ ಅಂಗಡಿ. ಕಾಯುತ್ತ ನಿಂತು ಬೇಸರವಾಗಿ ಆ ಕಡೆ ಇಣುಕಿದರೆ ಗಾಜಿನ ಪೆಟ್ಟಿಗೆಯಲ್ಲಿ ಒಂದು ಸಣ್ಣ ಪಿಸ್ತೂಲು. ಅಂಗೈಗಿಂತ ನಾಲ್ಕು ಬೆರಳು ಉದ್ದ, ಹಿಡಿಕೆಯ ಬಣ್ಣ ಹೋಗಿತ್ತು.

"ಪೊಲೀಸ್ ಖಾತೇದ್ದು ಸಾಹೇಬ್ರ," ಎಂದನಂತೆ ಅಂಗಡಿಯವನು. "ಹೊಸಾವು ಬಂದ್ವು, ಹಳೇವು ಹೆಚ್ಚಾದ್ವು ಅಂತ ತಗದಾರ. ಸಣ್ಣ ಗುಂಡಿಂದು. ನಿಮ್ಮಂಗ ಇದೂ ರಿಟೈರ್ ಆಗೇತಿ ಅನ್ರಿ. ಇಷ್ಟ್ ವರ್ಷದಾಗ ಒಬ್ಬರ್ನೂ ನೋಯ್ಸಿಲ್ಲ."

ಮನಸ್ಸು ಕರಗಲು ಇಷ್ಟೇ ಸಾಕಿತ್ತು. ಅದರ ಮೇಲೆ ಇನ್ನೊಂದು ನಡೆಯಿತು. ಪಿಸ್ತೂಲನ್ನು ಅಂಗೈ ಮೇಲೆ ಇಟ್ಟುಕೊಂಡು ಇವರು ಬೆಳಕಿಗೆ ತಿರುಗಿದಾಗ ಬಾಗಿಲಲ್ಲಿ ನಿಂತಿದ್ದ ಧಡೂತಿ ಮನುಷ್ಯನೊಬ್ಬ "ಬರ್ರಿ, ಬರ್ರಿ" ಎಂದು ಎರಡು ಹೆಜ್ಜೆ ಹಿಂದೆ ಸರಿದ. ಜೀವಮಾನದಲ್ಲಿ ಗುರುಪುತ್ರಪ್ಪನವರಿಗೆ ಯಾರಾದರೂ ದಾರಿ ಬಿಟ್ಟದ್ದು ಅದೇ ಮೊದಲು. ಲೈಸೆನ್ಸ್ ತಂದರೆ ಮಾತ್ರ ಕೊಡುವುದು, ದೀಪಾವಳಿ ತನಕ ನಿಮ್ಮ ಹೆಸರಲ್ಲೇ ಇಡುತ್ತೇನೆ ಎಂದ ಅಂಗಡಿಯವನು. ಇವರು ಛತ್ರಿಯನ್ನು ರಿಪೇರಿ ಅಂಗಡಿಯಲ್ಲೇ ಮರೆತು ನೆನೆಯುತ್ತ ಮನೆಗೆ ಬಂದರು.

"ತಂದು ಎಲ್ಲಿ ಇಡಾವ್ರು?" ಎಂದು ಗೌರವ್ವ ರೊಟ್ಟಿ ಬಡಿಯುತ್ತಲೇ ಕೇಳಿದರು.

"ತಿಜೋರ್ಯಾಗ."

"ಕಳ್ಳ ಬಂದ್ರ?"

"ತಗದು ತೋರಸ್ತೀನಿ."

"ತಿಜೋರಿ ಕೀಲಿಕೈ ಎಲ್ಲೈತಿ ಅಂತ ಮದ್ಲ ನನ್ನ ಎಬ್ಬಸ್ತೀರಿ. ಮನ್ನಿ ಬಚ್ಚಲದಾಗ ಹಲ್ಲಿ ಬಂದಾಗ ಯಾರ್ನ ಕರದ್ರಿ?"

"ಹಲ್ಲಿ ಮಾತ ಬ್ಯಾರೆ."

"ಕೊಳ್ಳಾಗ ಲಿಂಗ, ಸೊಂಟದಾಗ ಪಿಸ್ತೂಲ. ಭಾಳ ಛಂದ ಕಾಣ್ತೀರಿ ಬಿಡ್ರಿ," ಎಂದು ಗೌರವ್ವ ರೊಟ್ಟಿಯನ್ನು ಹಂಚಿನ ಮೇಲೆ ಎಸೆದರು.

ಅರ್ಜಿ ಬರೆದ ಪಾಪ ನನ್ನದು. ಗಲ್ಲಿಯಲ್ಲಿ ಯಾರ ಅರ್ಜಿಯೇ ಇರಲಿ, ಮಾಸ್ತರರ ಅಕ್ಷರ ಚೆನ್ನ ಎಂದು ನನ್ನ ತಲೆಗೇ ಕಟ್ಟುತ್ತಾರೆ. ಹೆಸರು, ವಯಸ್ಸು, ನಡತೆ ಎಲ್ಲ ಸಲೀಸಾಗಿ ಸಾಗಿತು. ಆಯುಧ ಏಕೆ ಬೇಕು, ಯಾರಿಂದ ಪ್ರಾಣಭಯ ಎಂಬಲ್ಲಿಗೆ ಬಂದು ಪೆನ್ನು ನಿಂತಿತು.

"ಯಾರಿಂದ ಅಂತ ಬರೀಲಿ?"

ಗುರುಪುತ್ರಪ್ಪನವರು ಎಣಿಸಲು ಬೆರಳು ಮಡಚಲು ಹೋಗಿ ಬಿಟ್ಟರು. "ಯಾರೂ ಇಲ್ಲಲ್ರಿ ಮಾಸ್ತರ."

"ಹಂಗಾರ ಪಿಸ್ತೂಲೂ ಇಲ್ಲ."

ಮೂರು ದಿನ ನಾವಿಬ್ಬರೂ ವೈರಿ ಹುಡುಕಿದೆವು. ಅದಕ್ಕಿಂತ ಕನ್ಯೆ ಹುಡುಕುವುದು ಸುಲಭ. ಇವರು ಒಮ್ಮೆ ಮೆಮೊ ಕೊಟ್ಟಿದ್ದ ಡ್ರೈವರ್ ದಾರಿಯಲ್ಲಿ ಸಿಕ್ಕ; ಕಾಲು ಮುಟ್ಟಿ ನಮಸ್ಕಾರ ಮಾಡಿ ಇಬ್ಬರಿಗೂ ಕಬ್ಬಿನ ಹಾಲು ಕುಡಿಸಿದ. ಇವರ ಗೇಟಿಗೆ ಅಡ್ಡ ದಿನಾ ಸ್ಕೂಟರ್ ನಿಲ್ಲಿಸುವ ಕಾಂತಾ ಅವರ ಹೆಸರು ಬರೆಯೋಣ ಎಂದೆ. "ಹೆಣ್ಣಮಗಳ ಹೆಸರು ಸ್ಟೇಷನ್ನಿಗೆ ಹೋಗಬಾರದ್ರಿ" ಎಂದರು. ಕಡೆಗೆ ಬೇಸತ್ತು "ನನ್ನ ಹೆಸರ ಬರೀತೀನಿ" ಎಂದೆ. "ನಿಮ್ಮ ಹೆಸರು ನೋಡಿದ್ರ ಪೊಲೀಸರು ನಗತಾರ್ರೀ" ಎಂದರು. ಸಿಟ್ಟು ನನಗೆ ಬಂತು, ಅವರಿಗೆ ಬರಲಿಲ್ಲ. ಈ ಮನುಷ್ಯನಿಗೆ ಪಿಸ್ತೂಲು ಒಗ್ಗುವುದಿಲ್ಲವೆಂದು ಆಗಲೇ ನನಗೆ ತಿಳಿಯಬೇಕಿತ್ತು.

ನಾಲ್ಕನೇ ದಿನ ಬೆಳಿಗ್ಗೆ ಕಿಟಕಿಯಿಂದಲೇ "ಸಿಕ್ಕಾ!" ಎಂದರು. "ನಂದಗಡದ ಬಂಡೆಪ್ಪ!"

ಬಂಡೆಪ್ಪ ಅವರ ಊರಿನ ಹೊಲಕ್ಕೆ ಹತ್ತಿದ ಹೊಲದವನು, ಕುರಿ ಕಾಯುವ ಮನೆತನ. ಇಪ್ಪತ್ತೆಂಟು ವರ್ಷದ ಹಿಂದೆ ಬದುವಿನ ಮೇಲಿನ ಹಲಸಿನ ಗಿಡ ಯಾರದು ಎಂದು ಇಬ್ಬರಿಗೂ ಮಾತಿಗೆ ಮಾತು ಬೆಳೆದು ಬಂಡೆಪ್ಪ ಕೊಡಲಿ ಎತ್ತಿದ್ದ. ಎತ್ತಿದ್ದು ಖರೆ. ಆದರೆ ಗಿಡವನ್ನೇ ಕಡಿದು ಜಗಳ ಹರಿಯೋಣ ಎಂದು ಎತ್ತಿದ್ದ. ಗಿಡವೂ ಉಳಿಯಿತು, ಸ್ನೇಹವೂ ಬೆಳೆಯಿತು. ಈಗ ಆ ಗಿಡದ ಮೊದಲ ಹಣ್ಣು ಹಿಂದವಾಡಿಗೆ ಬರುತ್ತದೆ. ಅದರ ತೊಳೆ ನಾನೂ ತಿಂದಿದ್ದೇನೆ. ಪ್ರತಿ ದಸರೆಗೆ ಗುರುಪುತ್ರಪ್ಪನವರು ನಂದಗಡಕ್ಕೆ ಹೋಗಿ, ದೇವರಿಗೆ ಏರಿಸಿದ ಮೇಲೆ ಮೊದಲ ಬನ್ನಿ ಎಲೆಯನ್ನು ಬಂಡೆಪ್ಪನ ಕೈಗೇ ಕೊಡುವುದು ರೂಢಿ. ಬನ್ನಿ ಕೊಟ್ಟು "ಬಂಗಾರದಂಗ ಇರೂಣು" ಎಂದು ಅಪ್ಪಿಕೊಂಡರೆ ವರ್ಷದ ಮನಸ್ತಾಪವೆಲ್ಲ ಅಲ್ಲಿಗೆ ಮುಗಿಯಿತು ಎಂದು ನಮ್ಮ ಕಡೆಯವರ ನಂಬಿಕೆ.

"ಆ ಕೊಡಲಿ ಬರೀರಿ," ಎಂದರು. ಬರೆದೆ. ಓದಿದರೆ ನನಗೇ ಮೈ ನಡುಗುವ ಹಾಗೆ ಬರೆದೆ.

ಸ್ಟೇಷನ್ನಿನ ಕಲ್ಮೇಶ ಎಂಬ ಪೊಲೀಸ್ ಅರ್ಜಿ ನೋಡಿ, ದಸರೆ ಆದ ಮೇಲೆ ನಂದಗಡಕ್ಕೆ ವಿಚಾರಣೆಗೆ ತಾನೇ ಬರುವುದಾಗಿ ಹೇಳಿದ. "ಊರಾಗ ನಾಕ ಮಂದಿನ್ನ ಕೇಳ್ತೀನ್ರಿ. ಇಬ್ಬರೂ ಮನ್ನಿ ಬನ್ನಿ ಕೊಟ್ಟು ಅಪಗೊಂಡ್ರು ಅಂತ ಅವ್ರು ಹೇಳಿದ್ರ ನಾ ಅದನ್ನ ಬರೀತೀನಿ. ಇದ್ದದ್ದ ಬರ್ಯಾವ ನೋಡ್ರಿ ನಾ." ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ತಪ್ಪು ಮಾಡಿದವರು ನಾವು. ಖಾನಾಪುರದಲ್ಲಿ ಬಸ್ಸು ಬದಲಿಸಿ ಇಬ್ಬರೂ ನೇರ ಬಂಡೆಪ್ಪನ ಮನೆಗೆ ಹೋದೆವು.

ಅವನು ಅಂಗಳದಲ್ಲಿ ಕುರಿಯ ಉಣ್ಣೆ ಕತ್ತರಿಸುತ್ತಿದ್ದ. ಕತ್ತರಿ ಹಿಡಿದುಕೊಂಡೇ ಎಲ್ಲ ಕೇಳಿದ.

"ಅಂದ್ರ, ನಾ ನಿಮ್ಮನ್ನ ಕೊಲ್ತೀನಿ ಅಂತ ಬರದೀರಿ?"

"ಕೊಲ್ತೀ ಅಂತಲ್ಲೋ. ಕೊಲ್ಲಬಹುದು ಅಂತ."

ಬಂಡೆಪ್ಪ ನನ್ನ ಕಡೆ ನೋಡಿದ. ನಾನು ಕುರಿಯ ಕಡೆ ನೋಡಿದೆ.

"ಎಷ್ಟ ದಿನ ವೈರಿ ಆಗಬೇಕ್ರಿ ಅಣ್ಣಾರ?"

"ದೀಪಾವಳಿ ತನಕ ಸಾಕು. ಈ ವರ್ಷ ಬನ್ನಿ ಒಂದು ಬ್ಯಾಡ. ಮಾತೂ ಬ್ಯಾಡ. ಯಾರ ಮುಂದೂ ಹೇಳಬ್ಯಾಡ."

"ಆತ್ರಿ. ನೀವ ಅಂದಮ್ಯಾಲ ಆತು."

ಚಹಾ ತಂದ ಅವನ ಹೆಂಡತಿ ಸಾವಂತ್ರವ್ವ ಹೊಸ್ತಿಲಲ್ಲೇ ನಿಂತು, "ವೈರಿಗೆ ಚಹಾ ಕೊಡಬೇಕೋ ಬ್ಯಾಡೋ, ಯಾರರ ಹೇಳ್ರಿ" ಎಂದಳು. ವೈರ ಶುರುವಾಗುವುದು ದಸರೆಯ ದಿನ, ಇವತ್ತು ಅಡ್ಡಿಯಿಲ್ಲ ಎಂದು ತೀರ್ಮಾನವಾಯಿತು. ನಾವು ಕುಡಿದೆವು. ಬಂಡೆಪ್ಪ ಕುಡಿಯಲಿಲ್ಲ. ಆಗ ನಾನು ಅದನ್ನು ಲಕ್ಷಕ್ಕೆ ತೆಗೆದುಕೊಳ್ಳಲಿಲ್ಲ. ಈಗ ನೆನೆದರೆ ನಾಚಿಕೆಯಾಗುತ್ತದೆ.

ದಸರೆಯ ಸಂಜೆ ಬನ್ನಿ ಗಿಡದ ಹತ್ತಿರ ಊರೆಲ್ಲ ಸೇರಿತ್ತು. ಬಂಡೆಪ್ಪ ತಲೆಗೆ ಹೊಸ ಪಟಗ ಸುತ್ತಿಕೊಂಡು ಬಂದ. ನಾಲ್ಕು ಮಾರು ದೂರದಲ್ಲಿ ಗುರುಪುತ್ರಪ್ಪನವರನ್ನು ಕಂಡ. ಮುಖ ತಿರುವಿ ಹೋದ. ಅದನ್ನು ಎಲ್ಲರೂ ನೋಡಿದರು. ಇಬ್ಬರೂ ಎದುರಾದರೆ ಏನು ಅನಾಹುತವಾದೀತೋ ಎಂದು ಜನ ಆಚೆ ಈಚೆ ಸರಿದು ದಾರಿ ಬಿಟ್ಟರು. ಗುರುಪುತ್ರಪ್ಪನವರ ಆಸೆ ಪಿಸ್ತೂಲಿಲ್ಲದೆಯೇ ಈಡೇರಿತ್ತು: ಅಷ್ಟು ಮಂದಿ ಹೆದರಿ ಸರಿದು ನಿಂತಿದ್ದರು. ಆ ಖಾಲಿ ದಾರಿಯಲ್ಲಿ ಅವರೊಬ್ಬರೇ ಬನ್ನಿ ಹಿಡಿದು ನಿಂತರು. ಮೊದಲ ಬನ್ನಿಯನ್ನು ಬೇರೆಯವರಿಗೆ ಕೊಟ್ಟು ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಕಾದು ಜೇಬಿನಲ್ಲಿಟ್ಟುಕೊಂಡರು.

ಬಸ್ಸಿನಲ್ಲಿ "ಎಷ್ಟ ಛಲೋ ಮಾಡಿದ ನೋಡ್ರಿ ಬಂಡೆಪ್ಪ, ಖರೇನ ವೈರಿ ಅನಸ್ತು" ಎಂದರು. ಖಾನಾಪುರ ಬರುವಷ್ಟರಲ್ಲಿ ಅದನ್ನೇ ಮೂರು ಸಲ ಹೇಳಿದರು. ಖಾನಾಪುರದಿಂದ ಬೆಳಗಾವಿ ತನಕ ಜೇಬಿನ ಬನ್ನಿಯನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಆಮೇಲೆ ಅವರಿಗೆ ಊಟ ಸೇರಲಿಲ್ಲ. ಬೆಕ್ಕು ಕಂಪೌಂಡಿನ ಮೇಲೆ ಕೂತು ಅವರನ್ನೇ ನೋಡುತ್ತಿತ್ತು; ಇವರು ಕೋಲು ಹಿಡಿದು ಬರಲೂ ಇಲ್ಲ. "ಪಿಸ್ತೂಲ ಬರೂಕಿಂತ ಮದ್ಲ ಇವರಿಗೆ ಗುಂಡು ಬಿದ್ದಂಗಾಗೇತಿ" ಎಂದು ಗೌರವ್ವ ನನ್ನ ಹೆಂಡತಿಯ ಮುಂದೆ ಹೇಳಿದರಂತೆ.

ಹನ್ನೆರಡನೇ ದಿನ ವಿಚಾರಣೆ. ಕೊಡಲಿ ಎತ್ತಿದ ಜಾಗ ತೋರಿಸಲು ಅರ್ಜಿದಾರರೂ ಬರಬೇಕೆಂದಿದ್ದರಿಂದ ನಾವೂ ಹೋದೆವು. ಊರವರು ನಾಲ್ವರು ಆಗಲೇ ಹೌದು, ವೈರವಿದೆ, ಬನ್ನಿ ಕೂಡ ಕೊಡಲಿಲ್ಲ ಎಂದು ಹೇಳಿಯಾಗಿತ್ತು. ಉಳಿದಿದ್ದವನು ಬಂಡೆಪ್ಪ. ಅವನ ಅಂಗಳದಲ್ಲಿ ಕಲ್ಮೇಶ ಹಾಳೆ ಬಿಚ್ಚಿದ.

"ಯಜಮಾನ್ರ, ಇವರಿಗೂ ನಿಮಗೂ ವೈರ ಐತೇನ್ರಿ?"

"ಐತ್ರಿ."

"ಇವರಿಗೆ ಏನರ ಮಾಡೂ ವಿಚಾರ ಐತೇನು?"

ಬಂಡೆಪ್ಪ ತಲೆ ತಗ್ಗಿಸಿದ. "ಐತ್ರಿ. ಆದ್ರ ಸಾಹೇಬ್ರ, ಒಂದ ಮಾತು. ಅವರಿಗೆ ಪಿಸ್ತೂಲ ಕೊಡಬ್ಯಾಡ್ರಿ. ಚಹಾದ ಬಸಿ ಹಿಡದ್ರ ಕೈ ನಡಗತಾವ ಅವರ್ವು. ತಮ್ಮ ಕಾಲಿಗೆ ತಾವ ಹೊಡಕೊಂಡಾರು. ಗೌರವ್ವಕ್ಕ ಒಬ್ಬಾಕಿ ಏನ ಮಾಡ್ಯಾಳು?"

ಕಲ್ಮೇಶ ಪೆನ್ನು ಎತ್ತಿದ. "ಕೊಲ್ಲಾವ್ರು ಇಷ್ಟ ಕಾಳಜಿ ಮಾಡೂದನ್ನ ನಾ ಎಲ್ಲೂ ನೋಡಿಲ್ರಿ."

ಗುರುಪುತ್ರಪ್ಪನವರು ಎದ್ದು ನಿಂತರು. ಜೇಬಿನಿಂದ ಆ ಬನ್ನಿ ತೆಗೆದರು, ಒಣಗಿ ಮುರುಟಿತ್ತು. "ತಗೋ ಬಂಡೆಪ್ಪಾ. ಬಂಗಾರದಂಗ ಇರೂಣು."

ಬಂಡೆಪ್ಪ ಕೈ ಚಾಚಲಿಲ್ಲ. "ದೀಪಾವಳಿ ತನಕ ಅಂದೀರಿ ಅಣ್ಣಾರ. ಇನ್ನ ಎಂಟ ದಿನ ಐತಿ."

"ನಾನ ಹೇಳಿದ್ದೆ, ನಾನ ಹಿಂದ ತಗೋತೀನಿ."

"ಬಾಯಿಲೆ ಅಂದ್ರ ಆಗೂದಿಲ್ರಿ. ಬರದ ಕೊಟ್ಟೀರಿ, ಬರದ ಹಿಂದ ತಗೋರಿ. ಹನ್ನೆರಡ ದಿನ ಆತ್ರಿ, ಊರಾಗ ಯಾರೂ ನನ್ನ ಮಾರಿ ನೋಡವಲ್ರು. ಒಡಹುಟ್ಟಿದಂಗ ಇದ್ದವರ್ನ ಕೊಲ್ಲಾಕ ನಿಂತಾನ ಅಂತಾರ. ಯಾರ ಮುಂದ ಹೇಳ್ಲಿ ನಾ? ಹೇಳಬ್ಯಾಡ ಅಂದೀರಿ. ಆವತ್ತ ನಿಮ್ಮ ಕೈಯಾಗಿನ ಬನ್ನಿ ಬಿಟ್ಟು ಹ್ವಾದ್ನೆಲ್ಲ, ಕುರಿ ಹಟ್ಟ್ಯಾಗ ಕುಂತು ಅತ್ತೀನ್ರಿ. ನೀವು ಖರೇನ ಪಿಸ್ತೂಲ ತಂದು ಹೊಡದಿದ್ರೂ ಇಷ್ಟ ನೋಯ್ತಿದ್ದಿಲ್ಲ."

ಒಬ್ಬರ ಮನಸ್ಸೂ ನೋಯಿಸದ ಮನುಷ್ಯ ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತರು. ಕಣ್ಣು ಒರೆಸಿಕೊಂಡು ನನ್ನ ಕಡೆ ಕೈ ಚಾಚಿದರು. "ಮಾಸ್ತರ, ಹಾಳಿ ಕೊಡ್ರಿ. ನೀವು ಬರೀಬ್ಯಾಡ್ರಿ. ನಾನ ಬರೀತೀನಿ."

ಎರಡೇ ಸಾಲು ಬರೆದರು: ನನಗೆ ವೈರಿ ಇಲ್ಲ. ಪಿಸ್ತೂಲು ಬೇಡ. ನನ್ನ ಮೂರು ಪುಟದ ಅರ್ಜಿಗಿಂತ ಚೆನ್ನಾಗಿತ್ತು, ಒಪ್ಪಿಕೊಳ್ಳಬೇಕು. ಕಲ್ಮೇಶ ಅದನ್ನು ಓದಿ ಫೈಲಿನಲ್ಲಿ ಇಟ್ಟುಕೊಂಡ ಮೇಲೆಯೇ ಬಂಡೆಪ್ಪ ಎರಡೂ ಕೈ ಒಡ್ಡಿದ. ಬನ್ನಿ ಅರ್ಧ ಪುಡಿಯಾಗಿತ್ತು. ಪುಡಿಯನ್ನೇ ಕಣ್ಣಿಗೊತ್ತಿಕೊಂಡು ಪಟಗದ ಮಡಿಕೆಯಲ್ಲಿ ಸಿಕ್ಕಿಸಿದ. ಇಬ್ಬರೂ ಅಪ್ಪಿಕೊಂಡು ನಿಂತಾಗ ಸಾವಂತ್ರವ್ವ ಒಳಗಿನಿಂದ "ಈಗರ ಚಹಾ ಇಡ್ಲೇನ್ರಿ?" ಎಂದು ಕೂಗಿದಳು. ಬಂಡೆಪ್ಪ ಮೂರು ಬಸಿ ಕುಡಿದ.

ದೀಪಾವಳಿಯ ಹಿಂದಿನ ದಿನ ನಾವು ಮಳೆಗಾಲದಿಂದ ಅಲ್ಲೇ ಬಿದ್ದಿದ್ದ ಛತ್ರಿ ತರಲು ಪೇಟೆಗೆ ಹೋದೆವು. ಅದನ್ನು ತೆಗೆದುಕೊಂಡು ಬರುವಾಗ ಬಂದೂಕಿನ ಅಂಗಡಿಯವನು ಗುರುತು ಹಿಡಿದು ಒಳಗೆ ಕರೆದು, "ಲೈಸೆನ್ಸ್ ಆತೇನ್ರಿ ಸಾಹೇಬ್ರ?" ಎಂದ.

"ಇಲ್ರಿ. ನನಗ ವೈರಿ ಯಾರೂ ಇಲ್ಲ!" ಎಂದರು ಗುರುಪುತ್ರಪ್ಪನವರು. ಮೂವತ್ತೊಂದು ವರ್ಷ ಮೈಕಿನಲ್ಲೂ ಕೇಳದ ದನಿ ಆ ದಿನ ಛತ್ರಿ ಅಂಗಡಿಯ ತನಕ ಕೇಳಿತು. ಅಲ್ಲಿ ಕಡ್ಡಿ ಹೊಲಿಯುತ್ತಿದ್ದವನು ಸೂಜಿ ಬಿಟ್ಟು ತಿರುಗಿ ನೋಡಿದ. ಬಾಗಿಲು ತುಂಬ ಹಬ್ಬದ ಮಂದಿ ನಿಂತಿದ್ದರು. ಯಾರೂ ದಾರಿ ಬಿಡಲಿಲ್ಲ. ಗುರುಪುತ್ರಪ್ಪನವರು "ಸ್ವಲ್ಪ ಸರೀರಿ, ಸ್ವಲ್ಪ ಸರೀರಿ" ಎನ್ನುತ್ತ, ನಗುತ್ತ, ಛತ್ರಿಯನ್ನು ಎದೆಗೆ ಹಿಡಿದುಕೊಂಡು ಪಕ್ಕದಿಂದ ನುಸುಳಿ ಹೊರಗೆ ಬಂದರು.