ತಾನಾಗಿ ಸರಿದ ಬಾಣ

ಮಗಳು ಸತ್ತ ಮೇಲೆ ಅವಳ ಕಂಪ್ಯೂಟರನ್ನು ನಾವು ಆರಿಸಲಿಲ್ಲ. ನಮ್ಮ ಕಡೆ ದಿನದ ಕಾರ್ಯ, ಅಂದರೆ ತಿಥಿ, ಮುಗಿಯುವವರೆಗೆ ಸತ್ತವರ ಸಾಮಾನು ಮುಟ್ಟುವುದಿಲ್ಲ. ಚಪ್ಪಲಿ ಬಾಗಿಲ ಬಳಿ, ಬಾಚಣಿಗೆ ಕನ್ನಡಿಯ ಹಿಂದೆ, ಕಂಪ್ಯೂಟರು ಹೊಲಿಗೆ ಮಷೀನಿನ ಮೇಲೆ, ಎಲ್ಲ ಅವಳು ಬಿಟ್ಟ ಹಾಗೇ ಇದ್ದವು. ಅದು ತಾನಾಗಿ ಮಲಗದಂತೆ ಅವಳೇ ಏನೋ ಮಾಡಿಟ್ಟಿದ್ದಳು. ಪರದೆ ಹಗಲೂ ರಾತ್ರಿ ಬೆಳಗುತ್ತಿತ್ತು.

ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಪುಣೆಗೆ ಬಂದವರು ನಾವು. ಹಡಪಸರದಲ್ಲಿ ಎರಡು ಕೋಣೆಯ ಮನೆ. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಇಟ್ಟಿಗೆ ಹೊತ್ತವಳು. ಮಗಳು ಓದಿದಳು, ವಿಮಾನ ನಗರದ ಒಂದು ಕಂಪನಿಯಲ್ಲಿ ಬಿಲ್ಲು ಮಾಡುವ ಕೆಲಸ ಹಿಡಿದಳು. ಕಂಪನಿ ಕೊಟ್ಟ ಕಂಪ್ಯೂಟರಿನ ಮುಂದೆ ಮನೆಯಲ್ಲೇ ಕೂತು ಮಾಡುತ್ತಿದ್ದಳು. ಕಾಮಾಲೆ ಬಂತು, ಹೋದಳು. ಅತ್ತರೆ ಬರುವವಳಲ್ಲ, ಅಳಲಿಲ್ಲ.

ಆ ಕಂಪ್ಯೂಟರಿನಲ್ಲಿ ಅವಳ ದನಿ ಇತ್ತು. ನನ್ನ ಬೀಸುವ ಕಲ್ಲಿನ ಹಾಡುಗಳನ್ನು ತನ್ನ ಮಗಳಿಗೆಂದು ಹಾಡಿ ಅದರಲ್ಲಿ ತುಂಬಿಟ್ಟಿದ್ದಳು. ಅವಳ ಫೋನು ಆಸ್ಪತ್ರೆಯ ಓಡಾಟದಲ್ಲಿ ಕಳೆದಿತ್ತು. ಉಳಿದ ದನಿ ಅದೊಂದೇ. ಕಾಲೇಜಿಗೆ ಹೋಗುವ ಮೊಮ್ಮಗಳು ಈಗಲೇ ತೆಗೆದಿಟ್ಟುಕೊಳ್ಳುತ್ತೇನೆ ಎಂದಳು. ದಿನ ಆಗಲಿ, ಅಲ್ಲಿಯವರೆಗೆ ಮುಟ್ಟಿದರೆ ಕೈ ಮುರಿಯುತ್ತೇನೆ ಎಂದೆ.

ಒಂದು ಮಧ್ಯಾಹ್ನ ಒಬ್ಬಳೇ ಕೂತು ಜೋಳದ ಹಿಟ್ಟು ಸೋಸುತ್ತಿದ್ದೆ. ಪರದೆಯ ಮೇಲಿನ ಬಿಳಿ ಬಾಣ ಸರಿಯಿತು. ಮೌಸು ಮಾತ್ರ ಇದ್ದಲ್ಲೇ ಬಿದ್ದಿತ್ತು. ಬಾಣ ಒಂದು ಹಳದಿ ಪೆಟ್ಟಿಗೆಯ ಬಳಿ ಹೋಗಿ ತೆರೆಯಿತು, ನೋಡಿತು, ಮುಚ್ಚಿತು. ಮಗಳು ಟ್ರಂಕಿನಲ್ಲಿ ಸೀರೆ ಹುಡುಕುತ್ತಿದ್ದುದೂ ಹೀಗೇ. ಸಾಣಿಗೆ ಕೆಳಗಿಟ್ಟು ಒಲೆಯ ಮೇಲೆ ಚಹಾ ಇಟ್ಟೆ. ಅವಳಿಗೆ ಸೇರುವಷ್ಟು ಸಕ್ಕರೆ ಹಾಕಿ ಪರದೆಯ ಮುಂದಿಟ್ಟೆ.

"ಬಂದೀದಿ ಅಂದ್ರ ಕುಡಿ. ಆರ್ತದ," ಎಂದೆ.

ಬಾಣ ಇನ್ನಷ್ಟು ಹೊತ್ತು ಓಡಾಡಿ ನಿಂತಿತು. ಮರುದಿನವೂ ಬಂತು. ನಾನು ರೊಟ್ಟಿ, ಪುಂಡಿಪಲ್ಯ ಇಟ್ಟೆ. ಮನೆಯ ಸುದ್ದಿ ಹೇಳಿದೆ. ಹುಡುಗಿ ಹೆದರುತ್ತಾಳೆಂದು ಅವಳಿಗೆ ಹೇಳಲಿಲ್ಲ.

ಅದರ ಮಾರನೆಯ ದಿನ ಮೊಮ್ಮಗಳು ಕಾಲೇಜಿನಿಂದ ಬೇಗ ಬಂದಳು. ಹೆಗಲ ಚೀಲ ಇಳಿಸದೆ ಪರದೆ ನೋಡುತ್ತ ನಿಂತುಬಿಟ್ಟಳು. ಎದುರಿಗಿದ್ದ ಎಡೆಯನ್ನೂ ನೋಡಿದಳು.

"ಅಜ್ಜಿ, ಇದು ಅವ್ವ ಅಲ್ಲ. ಆಫೀಸಿನವ್ರು. ನೆಟ್ಟಿನ ಮ್ಯಾಲಿಂದ ಎಲ್ಲಾ ಅಳಸ್ಲಿಕತ್ಯಾರ."

ಕೈ ಚಾಚಿದಳು, ಹಿಂದಕ್ಕೆ ಎಳೆದುಕೊಂಡಳು, ನನ್ನ ಮುಖ ನೋಡಿದಳು. ದಿನ ಇನ್ನೂ ಆಗಿರಲಿಲ್ಲ. ಒಂದು ಹಳದಿ ಪೆಟ್ಟಿಗೆ ಮಾಯವಾಯಿತು. ಇನ್ನೊಂದು ಹೋಯಿತು. ಹುಡುಗಿ ಹೇಳಿದ್ದು ತಿಳಿದಿತ್ತು. ಆದರೂ ಬಂದಿರುವುದು ಮಗಳೇ ಆಗಿದ್ದರೆ, ತಂತಿ ಕಿತ್ತರೆ ಅವಳು ಹೊರಗೇ ಉಳಿಯುತ್ತಾಳಲ್ಲ ಅನ್ನಿಸಿತು. ಆಮೇಲೆ ಎದ್ದು ಗೋಡೆಯಲ್ಲಿದ್ದ ನೆಟ್ಟಿನ ಡಬ್ಬಿಯ ಪ್ಲಗ್ಗು ಕಿತ್ತೆ. ಬಾಣ ಪರದೆಯ ನಡುವೆ ನಿಂತಿತು.

"ಈಗ ಮುಟ್ಟು," ಎಂದೆ. "ಪಾಪ ಬಂದ್ರ ನನಗ ಬರ್ಲಿ."

ಒಂದೇ ಹಾಡು ಉಳಿದಿತ್ತು. ಅದೂ ಅರ್ಧ. ಹಾಡಿನ ನಡುವೆ ನನ್ನದೇ ದನಿ, ಹಾಲು ಉಕ್ಕುತ್ತಿದೆ, ಹಾಡು ಸಾಕು ಮಾಡು ಎಂದು ಬೈಯುತ್ತದೆ. ಮಗಳು ನಗುತ್ತಾಳೆ, ಮುಗಿಯುತ್ತದೆ.

ಮೊಮ್ಮಗಳು ಆಫೀಸಿಗೆ ಫೋನು ಮಾಡಿ ಮರಾಠಿಯಲ್ಲಿ ಜಗಳ ತೆಗೆದಳು. ಯಂತ್ರ ನಮ್ಮದು, ಖಾಲಿ ಮಾಡುತ್ತೇವೆಂದು ಮೇಲ್ ಕಳಿಸಿದ್ದೆವು ಎಂದರು. ಯಾರಿಗೆ ಕಳಿಸಿದ್ದಿರಿ ಎಂದು ಕೇಳಿದರೆ ಮಗಳ ಹೆಸರು ಹೇಳಿದರು. ಸತ್ತವಳಿಗೆ ತಿಳಿಸಿದ್ದರು. ಉಳಿದ ಹಾಡನ್ನು ಮೊಮ್ಮಗಳು ಪೆನ್‌ಡ್ರೈವಿಗೆ ತೆಗೆದಿಟ್ಟುಕೊಂಡ ಮೇಲೆ ಯಂತ್ರವನ್ನು ಅವರಿಗೆ ಒಪ್ಪಿಸಿದೆವು.

ಮೊಮ್ಮಗಳ ಓದಿಗೆ ಬೇರೆ ಕಂಪ್ಯೂಟರು ಬೇಕಾಯಿತು. ಅಂಗಡಿಯವನು ಮನೆಯ ಬಳಕೆಯದು ಬೇಕೋ ಆಫೀಸಿನ ಬಳಕೆಯದೋ ಎಂದು ಕೇಳಿದ. ನನಗೆ ಎರಡರ ಮೋರೆಯೂ ಒಂದೇ ಕಂಡಿತು: ಅದೇ ನೀಲಿ ಪರದೆ, ಅದೇ ಹಳದಿ ಪೆಟ್ಟಿಗೆ. ಫರಕು ಒಳಗಿದೆ ಎಂದು ಮೊಮ್ಮಗಳು ಬಿಡಿಸಿ ಹೇಳಿದಳು. ಪಾಸ್‌ವರ್ಡು, ವೈರಸ್ಸಿನ ಕಾವಲು ಎರಡರಲ್ಲೂ ಇವೆ. ಆಫೀಸಿನದನ್ನು ಕಂಪನಿಯ ಹಗ್ಗಕ್ಕೆ ಕಟ್ಟಬಹುದು, ಏನು ಮಾಡಬೇಕು, ಏನು ಮಾಡಬಾರದು ಎಂದು ಅಲ್ಲಿಂದಲೇ ಕಟ್ಟಳೆ ಹಾಕಬಹುದು. ಎಲ್ಲೋ ಕೂತವರು ಅದರೊಳಗೆ ಇಳಿದು ಬಾಣ ಹಿಡಿಯಬಹುದು. ಮನೆಯದರಿಂದ ನಾವು ಅಂಥ ಯಂತ್ರದೊಳಗೆ ಹೋಗಬಹುದು. ನಾವಾಗಿ ಬೇರೆ ಏನೂ ಹಾಕಿಕೊಳ್ಳದಿದ್ದರೆ ನಮ್ಮದರೊಳಗೆ ಆ ದಾರಿಯಿಂದ ಯಾರೂ ಬರಲಾರರು. ಹಾಗಾದರೆ ಆಫೀಸಿನದು, ಬಾಡಿಗೆ ಮನೆಯ ಇನ್ನೊಂದು ಕೀಲಿ ಮಾಲೀಕನ ಹತ್ತಿರ ಇರುತ್ತದಲ್ಲ, ಹಾಗೆ, ಎಂದೆ. ಹೌದು ಎಂದಳು. ಮನೆಯದನ್ನೇ ತಂದೆವು.

ಹಾಡು ಅದರಲ್ಲಿದೆ. ಮೊಮ್ಮಗಳು ಆಗಾಗ ಹಚ್ಚುತ್ತಾಳೆ. ನಾನು ಹೊರಗೆ ಎದ್ದು ಹೋಗುತ್ತೇನೆ, ನನ್ನ ಬೈಗುಳ ನನಗೇ ಕೇಳಲಾಗುವುದಿಲ್ಲ.

ಮಧ್ಯಾಹ್ನ ಹಿಟ್ಟು ಸೋಸುವಾಗ ಪರದೆಯ ಕಡೆ ನೋಡುತ್ತೇನೆ. ಬಾಣ ಹುಡುಗಿ ಬಿಟ್ಟಲ್ಲೇ ಇರುತ್ತದೆ. ಇದರಲ್ಲಿ ಯಾರೂ ಬರುವುದಿಲ್ಲ, ಅದೇ ಇದರ ಗುಣ, ಗೊತ್ತು. ಚಹಾ ಮಾತ್ರ ಒಂದು ಕಪ್ಪು ಹೆಚ್ಚಿಗೆ ಆಗುತ್ತದೆ. ಆರಿದ ಮೇಲೆ ನಾನೇ ಕುಡಿಯುತ್ತೇನೆ. ಸಕ್ಕರೆ ಭಾಳ ಇರುತ್ತದೆ.